ಅಂಗಳ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳದೆ ಬರೆದದ್ದು ಶಾಸ್ತ್ರವಲ್ಲ, ಬರೀ ಕಾಗದ. ಆದ್ದರಿಂದ ಹೇಳುತ್ತೇನೆ. ವಿಷಯ: ಹೊಸನಗರ ತಾಲ್ಲೂಕಿನ ಒಂದು ಹಂಚಿನ ಮನೆಯ ಅಂಗಳ, ಅದರ ಅಂಚಿನ ಹೂದೋಟ, ಮತ್ತು ಮೇ ತಿಂಗಳ ಮೂರನೇ ವಾರ ಅಲ್ಲಿ ನಡೆಯಬೇಕಾದ ಒಂದು ಮದುವೆ. ಪ್ರಯೋಜನ: ಯಾರಿಗೂ ಇಲ್ಲ. ಈ ಜ್ಞಾನ ನಮಗೆ ಬಂದದ್ದು ಮದುವೆ ಮುಗಿದ ಮೇಲೆ, ಮತ್ತು ಆ ಮನೆಯಲ್ಲಿ ಇನ್ನೊಬ್ಬಳು ಮಗಳಿಲ್ಲ. ಸಂಬಂಧ: ಮದುವಣಗಿತ್ತಿ ನನ್ನ ಅಕ್ಕನ ಮಗಳು, ನಾನು ಸೋದರಮಾವ. ವಧುವನ್ನು ಎತ್ತಿಕೊಂಡು ಅಂಗಳ ದಾಟಿಸಿ ಮಂಟಪಕ್ಕೆ ಮುಟ್ಟಿಸುವ ಹೊಣೆಯನ್ನು ಸಂಪ್ರದಾಯವೇ ನನ್ನ ಮೇಲೆ ಹೊರಿಸಿರುವುದರಿಂದ, ಅಂಗಳ ಜಾರುತ್ತದೆಯೇ ಇಲ್ಲವೇ ಎಂಬುದು ನನ್ನ ಮಟ್ಟಿಗೆ ಕೇವಲ ತಾತ್ವಿಕ ಪ್ರಶ್ನೆಯಲ್ಲ. ಇನ್ನು ಅಧಿಕಾರಿ, ಅಂದರೆ ಈ ಗ್ರಂಥ ಓದಲು ಅರ್ಹನಾದವನು: ಲಗ್ನಪತ್ರಿಕೆ ಹಂಚಿಯಾದ ಮೇಲೆ ನಡುರಾತ್ರಿ ಎದ್ದು, ಬಾಗಿಲು ತೆಗೆದು, ಆಕಾಶದಲ್ಲಿ ನಕ್ಷತ್ರ ಇವೆಯೇ ಎಂದು ಯಾವನು ನೋಡಿದ್ದಾನೋ ಅವನು. ಉಳಿದವರೂ ಓದಬಹುದು, ನಗತಕ್ಕದ್ದಲ್ಲ.

ಪೂರ್ವಪಕ್ಷ

"ಪೇಟೆಯಲ್ಲಿ ಕಲ್ಯಾಣಮಂಟಪಗಳಿರುವಾಗ ಅಂಗಳದ ಹಂಗೇಕೆ?" ಎಂಬುದು ಪೂರ್ವಪಕ್ಷ. ಮಂಡಿಸಿದವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಅಣ್ಣನ ಮಗ. ಮಂಟಪಕ್ಕೆ ಸೂರಿದೆ, ಜನರೇಟರ್ ಇದೆ, ಕೈ ತೊಳೆಯಲು ನಲ್ಲಿಗಳ ಸಾಲಿದೆ, ಮಳೆ ಬಂದರೆ ಅದು ಮಂಟಪದವರ ಕರ್ಮ ಎಂದು ಅವನ ವಾದ.

ಉತ್ತರ ಹೀಗಿದೆ. ಆಷಾಢದಲ್ಲಿ ಮದುವೆಯಿಲ್ಲ. ಗುರುವೋ ಶುಕ್ರನೋ ಅಸ್ತನಾದರೆ ಮುಹೂರ್ತವಿಲ್ಲ. ಶಾಲೆಗೆ ರಜೆಯಿಲ್ಲದೆ ನೆಂಟರಿಲ್ಲ. ಮಂಡಿಯಿಂದ ಅಡಿಕೆಯ ದುಡ್ಡು ಬಾರದೆ ಚಿನ್ನವಿಲ್ಲ. ಇಷ್ಟು ಜರಡಿಗಳಲ್ಲಿ ಸೋಸಿದ ಮೇಲೆ ಉಳಿಯುವ ನಾಲ್ಕಾರು ದಿನಗಳು ಮೇ ತಿಂಗಳಿಗೇ ಬಂದು ಬೀಳುತ್ತವೆ. ಆ ದಿನಗಳಿಗೆ ಮಂಟಪಗಳು ಹಿಂದಿನ ದೀಪಾವಳಿಗೇ ಭರ್ತಿ. ಈ ತರ್ಕವನ್ನು ನಾನಿನ್ನೂ ಜೋಡಿಸುತ್ತಿರುವಾಗಲೇ ಒಳಗಿನಿಂದ ಅಜ್ಜಿ, "ಈ ಮನೇಲಿ ಹುಟ್ಟಿದ ಹೆಣ್ಮಕ್ಕಳೆಲ್ಲ ಈ ಅಂಗಳದಿಂದ್ಲೇ ಹೋಗಿದ್ದು. ಮಂಟಪದಿಂದ ಕಳಿಸೋದಾದ್ರೆ ನನ್ನನ್ನೂ ಅಲ್ಲೇ ಬಿಟ್ಟು ಬನ್ನಿ" ಎಂದರು. ಪೂರ್ವಪಕ್ಷ ಖಂಡನೆಯಾಯಿತು. ಮಂಟಪದ ಬಾಡಿಗೆ ಎಷ್ಟೆಂದು ಭಾವ ಅದಾಗಲೇ ವಿಚಾರಿಸಿಕೊಂಡು ಬಂದಿದ್ದರು ಎಂಬ ಸಂಗತಿ ಪ್ರಸ್ತುತ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ.

ಪ್ರಮಾಣ ಪರೀಕ್ಷೆ

ಮಳೆ ಬರುವುದೋ ಇಲ್ಲವೋ ಎಂದು ತಿಳಿಯುವ ಬಗೆ ಯಾವುದು? ನೈಯಾಯಿಕರು ತಿಳಿವಿಗೆ ನಾಲ್ಕು ದಾರಿ ಹೇಳಿದ್ದಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ನಾಲ್ಕನ್ನೂ ನಮ್ಮ ಜಗುಲಿಯ ಮೇಲೆ ಕೂರಿಸಿ ವಿಚಾರಿಸಲಾಯಿತು.

ಶಬ್ದಪ್ರಮಾಣದಲ್ಲಿ ಮೊದಲನೆಯದು ಪಂಚಾಂಗ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಆ ನಕ್ಷತ್ರದ ಹೆಸರೇ ಮಳೆಗೆ. ಏಪ್ರಿಲ್ ಕೊನೆಗೆ ಭರಣಿ, ಮೇ 11ರ ಸುಮಾರಿಗೆ ಕೃತ್ತಿಕೆ, ಮೇ 25ರ ಸುಮಾರಿಗೆ ರೋಹಿಣಿ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ನಮ್ಮದು ಕೃತ್ತಿಕೆಯ ಮದುವೆ. ಇದೇ ಪಂಚಾಂಗ ಮುಹೂರ್ತವನ್ನು 'ದಿವಾ ಗಂಟೆ 12-05ಕ್ಕೆ ಸಲ್ಲುವ ಅಭಿಜಿನ್ ಲಗ್ನ' ಎಂದು ನಿಮಿಷ ಹಿಡಿದು ಹೇಳುತ್ತದೆ, ಮಳೆಯನ್ನು ಮಾತ್ರ ಪಕ್ಷದ ಲೆಕ್ಕದಲ್ಲಿ ಹೇಳುತ್ತದೆ. ಎರಡಕ್ಕೂ ಒಂದೇ ಗಡಿಯಾರ ಇಟ್ಟಿದ್ದರೆ ಈ ಪ್ರಬಂಧವೇ ಬೇಕಿರಲಿಲ್ಲ. ಅದರ ಜೊತೆಗೆ ಪಂಚಾಂಗವು ವರ್ಷದ ಮಳೆಯನ್ನು ಕೊಳಗದಲ್ಲಿ ಅಳೆದು, ಸಮುದ್ರಕ್ಕೆ ಇಷ್ಟು ಪಾಲು, ಬೆಟ್ಟಕ್ಕೆ ಇಷ್ಟು, ನೆಲಕ್ಕೆ ಇಷ್ಟು ಎಂದು ಹಿಸ್ಸೆ ಮಾಡಿಕೊಡುತ್ತದೆ. ನಮ್ಮ ಅಂಗಳ ಬೆಟ್ಟದ ಪಾಲಿಗೆ ಸೇರುತ್ತದೋ ನೆಲದ ಪಾಲಿಗೋ ಎಂದು ಭಾವನಿಗೂ ಪುರೋಹಿತರಿಗೂ ಎರಡು ಲೋಟ ಕಾಫಿಯಷ್ಟು ಹೊತ್ತು ವಾದವಾಯಿತು. ಪಹಣಿ ತೆಗೆದು ನೋಡುವುದೆಂದು ತೀರ್ಮಾನವಾಗಿ ಸಭೆ ಮುಗಿಯಿತು.

ಎರಡನೆಯದು ವರಾಹಮಿಹಿರ. ಆರನೇ ಶತಮಾನದ ಈ ಮಹಾಶಯ 'ಬೃಹತ್ಸಂಹಿತೆ'ಯಲ್ಲಿ ಮೋಡಗಳು ಗರ್ಭ ಧರಿಸುತ್ತವೆ ಎನ್ನುತ್ತಾನೆ. ಗರ್ಭ ನಿಂತ 195ನೇ ದಿನಕ್ಕೆ ಹೆರಿಗೆ, ಅಂದರೆ ಮಳೆ. ಗರ್ಭವನ್ನು ಗಮನಿಸಲು ಶುರುಮಾಡಬೇಕಾದದ್ದು ಮಾರ್ಗಶಿರ ಮಾಸದಿಂದ. ಹಾಗೆ ಎಣಿಸಿದರೆ ಚೊಚ್ಚಲ ಹೆರಿಗೆ ಜೂನ್ ತಿಂಗಳಿಗೆ ಬರುತ್ತದೆ. ಆದ್ದರಿಂದ ಮೇ ತಿಂಗಳಲ್ಲಿ ನಮ್ಮ ಅಂಗಳದ ಮೇಲೆ ಬಿದ್ದದ್ದು ಶಾಸ್ತ್ರರೀತ್ಯಾ ಅಕಾಲ ಪ್ರಸವ. ಇದನ್ನು ಹೇಳಿದಾಗ ಅಕ್ಕ, "ಯಾವ ತಿಂಗಳಲ್ಲಿ ಹುಟ್ಟಿದ್ರೂ ಒದ್ದೆ ಒದ್ದೇನೇ ತಾನೇ" ಎಂದಳು. ಶಾಸ್ತ್ರಪರಿಚಯ ಇಲ್ಲದವರ ಮಾತು.

ಮೂರನೆಯದು ಹವಾಮಾನ ಇಲಾಖೆ. 1875ರಲ್ಲಿ ಹುಟ್ಟಿದ ಸಂಸ್ಥೆ, ನಮ್ಮ ಅಜ್ಜಿಗಿಂತ ಹಿರಿಯದು, ಆದ್ದರಿಂದ ಗೌರವದಿಂದಲೇ ಮಾತಾಡೋಣ. ಇಲಾಖೆಯ ಲೆಕ್ಕದಲ್ಲಿ 2.5 ಮಿಲಿಮೀಟರ್ ಆದರೂ ಬಿದ್ದರೆ ಅದು 'ಮಳೆ ದಿನ', 2.4 ಬಿದ್ದರೆ ಅಲ್ಲ. ಬಿಡಿಸಿಟ್ಟ ಚಿರೋಟಿಯ ಮೇಲೆ 2.4 ಮಿಲಿಮೀಟರ್ ಬಿದ್ದರೆ ಅದು ಯಾವ ದಿನ ಎಂಬುದಕ್ಕೆ ಅಲ್ಲಿ ವ್ಯಾಖ್ಯಾನವಿಲ್ಲ. ಎಚ್ಚರಿಕೆಗೆ ಅವರು ಇಟ್ಟ ಬಣ್ಣಗಳು ಹಸಿರು, ಹಳದಿ, ಕಿತ್ತಳೆ, ಕೆಂಪು. ಅಕ್ಕ ಬೀಗಿತ್ತಿಯರಿಗೆ ಸೀರೆ ತೆಗೆದದ್ದೂ ಇದೇ ಅನುಕ್ರಮದಲ್ಲಿ, ಹತ್ತಿರದ ಸಂಬಂಧಕ್ಕೆ ಕೆಂಪು. ಇನ್ನು ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1. ಅದು 2023ರಲ್ಲಿ ಬಂದದ್ದು ಜೂನ್ 8ಕ್ಕೆ, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೆ. ಇದನ್ನು ನೋಡಿದ ಮೇಲೆ ನಮ್ಮೂರಿನ ಬೆಳಗಿನ ಬಸ್ಸಿನ ಮೇಲಿದ್ದ ಸಿಟ್ಟು ನನಗೆ ಕಡಿಮೆಯಾಗಿದೆ.

ನಾಲ್ಕನೆಯದು ಮೊಬೈಲು. ಹತ್ತು ದಿನ ಮೊದಲೇ ಮದುವೆಯ ದಿನಕ್ಕೆ 'ಮಳೆ ಸಾಧ್ಯತೆ ಶೇ. 40' ಎಂದು ತೋರಿಸಿತು. ಶೇ. 40 ಎಂದರೇನು? ಅಂಗಳದ ನಲವತ್ತು ಭಾಗಕ್ಕೆ ಮಾತ್ರ ಬೀಳುವುದೋ? ನೂರು ಜನರಲ್ಲಿ ನಲವತ್ತು ಜನ ಒದ್ದೆಯಾಗುವರೋ? ಆ ವಾರವೇ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಿದ್ದರಿಂದ ಚಿಕ್ಕಪ್ಪ ಕೂಡಲೇ ಪರಿಹಾರ ಹೇಳಿದರು: "ಮೂವತ್ತೈದು ಬಂದ್ರೆ ಪಾಸಲ್ವೇನೋ? ಮಳೆ ಪಾಸಾಗಿದೆ." ಮರುದಿನ ಅದು 30 ಆಯಿತು, ಮನೆಯಲ್ಲಿ ಸಂತೋಷ. ಅದರ ಮರುದಿನ 55.

ಅನುಮಾನ ಪ್ರಮಾಣಕ್ಕೆ ಇರುವೆಗಳನ್ನು ಆಶ್ರಯಿಸಿದೆವು. ಇರುವೆ ಸಾಲುಗಟ್ಟಿ ಗೋಡೆ ಹತ್ತಿದರೆ ಮಳೆ ಬರುತ್ತದೆ ಎಂಬುದು ವ್ಯಾಪ್ತಿ. ಹತ್ತಿದವು. ಅಟ್ಟದ ಮೇಲೆ ಲಾಡುವಿಗೆಂದು ತಂದಿಟ್ಟ ಸಕ್ಕರೆ ಮೂಟೆಗೆ ತೂತು ಬಿದ್ದಿರುವುದು ಪತ್ತೆಯಾಗುವವರೆಗೆ ಈ ಹೇತು ನಿರ್ದುಷ್ಟವಾಗಿಯೇ ಇತ್ತು. ಅಜ್ಜಿಯ ಎಡಮೊಣಕಾಲೂ ಒಂದು ಪ್ರಮಾಣ. ಅದು ಸಂಕ್ರಾಂತಿಯಿಂದ ದಿನವೂ ಮಳೆ ಬರುತ್ತದೆ ಎನ್ನುತ್ತಿರುವುದರಿಂದ ಯಾವತ್ತಾದರೂ ಒಂದು ದಿನ ನಿಜವಾಗಲೇಬೇಕು. ಉಪಮಾನದ ವಿಷಯ ಹೆಚ್ಚಿಲ್ಲ: "ಹೋದ ವರ್ಷ ಆಚೆಮನೆ ಮದುವೆಯ ಹಾಗೇ ಆಗ್ತದೆ ನೋಡಿ" ಎಂದು ಬಂದವರೆಲ್ಲ ಹೇಳಿದರು, ಆಚೆಮನೆ ಮದುವೆಯಲ್ಲಿ ಆದದ್ದೇನು ಎಂಬುದರಲ್ಲಿ ಮಾತ್ರ ಇಬ್ಬರ ಹೇಳಿಕೆ ಒಂದಕ್ಕೊಂದು ತಾಳೆಯಾಗಲಿಲ್ಲ. ಪ್ರತ್ಯಕ್ಷವಂತೂ ಮೈ ಒದ್ದೆಯಾದ ಮೇಲಿನ ಜ್ಞಾನ.

ಈ ನಾಲ್ಕರ ಆಚೆಗೆ ಐದನೆಯದೊಂದು ಪ್ರಮಾಣವುಂಟು. ಕರ್ನಾಟಕದ ಹೆಂಗಸರಿಗೆಲ್ಲ ಗೊತ್ತಿದ್ದೂ ಯಾವ ದರ್ಶನಕಾರನೂ ಬರೆದಿಡಲಿಲ್ಲ. ಚಿಕ್ಕಂದಿನಲ್ಲಿ ಕಾಯಿತುರಿಯನ್ನೋ ಹಸಿ ಅಕ್ಕಿಯನ್ನೋ ಕದ್ದು ತಿಂದವರ ಮದುವೆಯಲ್ಲಿ ಮಳೆ ಬರುತ್ತದೆ. ಇದು ಕರ್ಮಸಿದ್ಧಾಂತದ ಅತ್ಯಂತ ಸ್ಪಷ್ಟ ರೂಪ, ಕರ್ಮಕ್ಕೂ ಫಲಕ್ಕೂ ನಡುವೆ ಇಪ್ಪತ್ತು ವರ್ಷ ಮಾತ್ರ. ಹುಡುಗಿಯನ್ನು ಜಗುಲಿಗೆ ಕರೆಸಿ ವಿಚಾರಣೆ ನಡೆಯಿತು. ತುರಿಮಣೆಯ ಪಕ್ಕ ಕೂತು ತಿಂದದ್ದುಂಟು, ಆದರೆ ಅಜ್ಜಿಯೇ ಕೈಗೆ ಹಾಕುತ್ತಿದ್ದರು ಎಂದಳು. ಕೊಟ್ಟದ್ದನ್ನು ತಿಂದರೆ ಕದ್ದಂತಾಗುವುದೇ ಎಂಬ ಧರ್ಮಸೂಕ್ಷ್ಮ ಎದ್ದಿತು. ಅಜ್ಜಿ ಅಷ್ಟರಲ್ಲಿ ಕಿವಿ ಕೇಳದವರಾದರು. ಗಂಡಿನ ಕಡೆಗೂ ಫೋನು ಮಾಡಿ ಕೇಳೋಣವೆಂದರೆ, "ನಿಮ್ಮ ಹುಡುಗ ಅಕ್ಕಿ ಕದ್ದು ತಿಂದಿದ್ದಾನಾ?" ಎಂದು ಬೀಗರನ್ನು ಕೇಳುವ ಮಾತಿನ ಮರ್ಯಾದೆ ಯಾರಿಗೂ ಹೊಳೆಯಲಿಲ್ಲ.

ಸಾರಣೆ ಪ್ರಕರಣ

ಈಗ ನನ್ನ ಸ್ವಂತ ಸಿದ್ಧಾಂತಕ್ಕೆ ಬರುತ್ತೇನೆ. ಸೂತ್ರ ಹೀಗಿದೆ: *ಅಂಗಳ ಸಾರಿಸಿದ ದಿನ ಮಳೆ.* ಇನ್ನು ಭಾಷ್ಯ.

ಮಲೆನಾಡಿನ ಅಂಗಳ ಎಂದರೆ ಸುಮ್ಮನೆ ಬಿದ್ದಿರುವ ಜಾಗವಲ್ಲ. ಚಳಿಗಾಲವೆಲ್ಲ ಅದು ಅಡಿಕೆ ಒಣಗಿಸುವ ಅಟ್ಟದ ಕೆಳಗಿದ್ದು, ಬೇಸಿಗೆಗೆ ಕಂಬದ ಕುಳಿಗಳನ್ನೂ ಸಿಪ್ಪೆಯ ಚೂರುಗಳನ್ನೂ ಹೊತ್ತು ಮುಪ್ಪಾಗಿರುತ್ತದೆ. ಅದನ್ನು ಕೆತ್ತಬೇಕು, ಕುಳಿಗೆ ಕೆಮ್ಮಣ್ಣು ತುಂಬಬೇಕು, ನೀರು ಹೊಡೆದು ಕೊಡತಿಯಿಂದ ಬಡಿದು ಮಟ್ಟ ಮಾಡಬೇಕು, ಅದು ಬಿರಿಯದಂತೆ ನೆರಳಲ್ಲಿ ಆರಬೇಕು, ಆಮೇಲೆ ಸಗಣಿ ಕದಡಿ ಹಾಳೆಕಡಿಯಿಂದ ಸಾರಿಸಬೇಕು. ಬಣ್ಣ ಕಪ್ಪಗೆ ಬರಲೆಂದು ಹಳೇ ಬ್ಯಾಟರಿ ಸೆಲ್ಲು ಒಡೆದು ಅದರ ಮಸಿ ಬೆರೆಸುವವರಿದ್ದರು. ಈಗ ಟಾರ್ಚೇ ಮೊಬೈಲಿನೊಳಗೆ ಹೋಗಿರುವುದರಿಂದ ಸೆಲ್ಲಿಗೂ ಬರ. ಹಾಳೆಕಡಿ ಹಿಡಿದು ಬಗ್ಗಿ ಹಿಂದಕ್ಕೆ ಹಿಂದಕ್ಕೆ ಹೋಗುತ್ತ ಒಂದೇ ಸಮ ಕಮಾನಿನಂತೆ ಎಳೆಯುವುದು ವಿದ್ಯೆ. ನಮ್ಮಲ್ಲಿ ಅದು ಬಲ್ಲವರು ಇಬ್ಬರೇ ಉಳಿದಿದ್ದಾರೆ, ಇಬ್ಬರಿಗೂ ಮಾತಿಲ್ಲ.

ಮದುವೆಗೆ ಒಂಬತ್ತು ದಿನ ಇರುವಾಗ ಮೊದಲ ಸಾರಣೆ. ಬೆಳಿಗ್ಗೆ ಹತ್ತಕ್ಕೆ ಮುಗಿಯಿತು. ಕಣ್ಣು ಬಿಡಲಾಗದ ಬಿಸಿಲು, ಮಧ್ಯಾಹ್ನ ಎರಡಕ್ಕೆ ಒಣಗಿ ಕನ್ನಡಿ. ನಾಲ್ಕೂವರೆಗೆ ಮೂಡಣದಲ್ಲಿ ಗುಡುಗಿತು. ಐದಕ್ಕೆ ಅಂಗಳ ಹಸಿರು ಸಾರಾಗಿ ಮೆಟ್ಟಿಲ ಕೆಳಗಿನಿಂದ ತೋಟಕ್ಕೆ ಹರಿದು ಹೋಗುತ್ತಿತ್ತು.

ಎರಡನೆಯದು ಐದು ದಿನ ಇರುವಾಗ. ಆವತ್ತು ಆಲಿಕಲ್ಲೂ ಬಿತ್ತು. ಸಿಡಿಲು ಹೊಡೆಯುವಾಗ ಕಬ್ಬಿಣ ಹೊರಗೆಸೆಯಬೇಕೆಂಬ ನಿಯಮದಂತೆ ಅಜ್ಜಿ ಬಾಗಿಲಿನಿಂದಲೇ ಕತ್ತಿ ಬೀಸಿ ಎಸೆದರು. ಅದು ಅಂಗಳದ ನಡುಮಧ್ಯೆ, ಆಗಷ್ಟೇ ಮಟ್ಟ ಮಾಡಿದ ಮಂಟಪದ ಜಾಗಕ್ಕೇ ನೆಟ್ಟಿತು. ಮೂರನೆಯದು ಮೂರು ದಿನ ಇರುವಾಗ. ಈ ಸಲ ಸಾರಿಸುವವಳು ಹಾಳೆಕಡಿ ಕೈಗೆತ್ತಿಕೊಂಡದ್ದೇ ತಡ, ಮೋಡ ಬಂತು. ಇದರಿಂದ ಕಾರಣವು ಕಾರ್ಯಕ್ಕಿಂತ ಮೊದಲೇ ಇರಬೇಕೆಂಬ ತಾರ್ಕಿಕರ ಹಟವೂ ಸಡಿಲಾಯಿತು: ನಿಶ್ಚಯ ಮಾಡಿದರೆ ಸಾಕು, ಸಾರಿಸಲೇಬೇಕೆಂದಿಲ್ಲ.

ಭೌತಶಾಸ್ತ್ರದ ಮೇಷ್ಟರೊಬ್ಬರು, ನಮ್ಮ ನೆಂಟರೇ, ಇದನ್ನು ಕೇಳಿ ನಗಲಿಲ್ಲ ಎಂಬುದನ್ನು ದಾಖಲಿಸುತ್ತೇನೆ. ಮುಂಗಾರಿಗೆ ಮುಂಚಿನ ಈ ಗುಡುಗು ಮಳೆ ಹುಟ್ಟುವುದೇ ನೆಲ ಕಾದು. ಬೆಳಗಿನ ಬಿಸಿಲು ನೆಲವನ್ನು ಸುಡುತ್ತದೆ, ಕಾದ ಗಾಳಿ ಮೇಲೇಳುತ್ತದೆ, ಸಮುದ್ರದ ಕಡೆಯ ಪಸೆ ಅದಕ್ಕೆ ಸೇರಿ ಮೂರು ಗಂಟೆಯ ಹೊತ್ತಿಗೆ ಮೋಡ ಹತ್ತಿಯ ಅಂಡಿಗೆಯಂತೆ ಒಂದರ ಮೇಲೊಂದು ಏರುತ್ತದೆ, ಸಂಜೆಗೆ ಒಡೆಯುತ್ತದೆ. ನಾವು ಸಾರಿಸುವುದು ಯಾವಾಗ? ಕಡು ಬಿಸಿಲು ಬಿದ್ದ ಬೆಳಿಗ್ಗೆ, ಬೇಗ ಒಣಗಲೆಂದು. ಅಂದರೆ ಸಗಣಿ ಒಣಗಿಸುವ ಬಿಸಿಲೇ ಮೋಡವನ್ನೂ ಕಟ್ಟುತ್ತದೆ. ನನ್ನ ಸೂತ್ರ ಸುಳ್ಳಾಗಿದ್ದರೆ ಒಳ್ಳೆಯದಿತ್ತು.

ಅಜ್ಜಿಯ ಭಾಷ್ಯ ಬೇರೆ. ಊಟಕ್ಕೆ ಕೂತಾಗ ಭಾವ, "ನಾಡಿದ್ದು ಇನ್ನೊಂದ್ಸಲ ಸಾರಿಸಿ ಬಿಡಾಣ" ಎಂದರೆ, ಅವರು ಬಡಿಸುವ ಸೌಟಿನಿಂದಲೇ ಸನ್ನೆ ಮಾಡಿ ತಡೆದರು. "ಗಟ್ಟಿಯಾಗಿ ಹೇಳ್ಬೇಡ ಮಾರಾಯ. ಅದಕ್ಕೆ ಕೇಳ್ತದೆ."

ಅದಕ್ಕೆ ಕೇಳಿಸುವುದು ಹೇಗಿದ್ದರೂ, ನಮ್ಮ ಮಾತಿನಿಂದ ಅದಕ್ಕೆ ಅರ್ಥವಾದದ್ದೇನು ಎಂಬುದು ಜಟಿಲ. ಏಕೆಂದರೆ ಮೇ ತಿಂಗಳಲ್ಲಿ ನಮ್ಮಲ್ಲಿ ಮಳೆ ಬೇಡ ಎನ್ನುವವರು ಯಾರೂ ಇಲ್ಲ. ಅಬ್ಬಿಯ ನೀರು ಶಿವರಾತ್ರಿಗೇ ನಿಂತಿತ್ತು, ಬಾವಿಯಲ್ಲಿ ಕೊಡ ಮುಳುಗಿಸಿದರೆ ಮರಳು ಬರುತ್ತಿತ್ತು, ಕೆಳಗಿನ ತೋಟದಲ್ಲಿ ಅಡಿಕೆಯ ಸೋಗೆ ಜೋತು ಬಿದ್ದು ಎಳೆ ಕಾಯಿ ಉದುರುತ್ತಿತ್ತು. ಭಾವ ಬೆಳಿಗ್ಗೆ ದೇವರ ಮುಂದೆ ಕೂತು ಮಳೆ ಬರಲಿ ಎಂದು ಕೇಳಿಕೊಳ್ಳುತ್ತಿದ್ದರು, ಎದ್ದು ಬಂದು ಜಗುಲಿಯಲ್ಲಿ ಬಾರದಿರಲಿ ಎನ್ನುತ್ತಿದ್ದರು. ಮೀಮಾಂಸಕರು ಒಂದೇ ವೇದದಲ್ಲಿ ವಿಧಿಯೂ ನಿಷೇಧವೂ ಕಂಡರೆ ಎರಡನ್ನೂ ಹೊಂದಿಸಲು ಸಾವಿರ ಪುಟ ಬರೆಯುತ್ತಾರೆ. ಭಾವ ಒಂದೇ ವಾಕ್ಯದಲ್ಲಿ ಹೊಂದಿಸಿದ್ದರು: "ತೋಟಕ್ಕೆ ಬರ್ಲಿ, ಅಂಗಳಕ್ಕೆ ಬೇಡ." ಅಂಗಳಕ್ಕೂ ತೋಟಕ್ಕೂ ನಲವತ್ತು ಮಾರು ದೂರ.

ಕುಂಡ ಪ್ರಕರಣ

ಹೂದೋಟದ ವಿಚಾರಕ್ಕೆ ಬಂದರೆ ಇತಿಹಾಸವನ್ನು ಸ್ವಲ್ಪ ನೋಡಬೇಕು. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ 'ಲೋಕೋಪಕಾರ'ವನ್ನು ಬರೆದ. ಗಿಡಮರಗಳ ಆರೈಕೆ, ನೆಲದಡಿಯ ನೀರು ಹುಡುಕುವುದು, ಮನೆ ಕಟ್ಟುವುದು, ಅಡುಗೆ, ಸುಗಂಧದ್ರವ್ಯ, ಶಕುನ, ಮದ್ದು, ಎಲ್ಲವೂ ಆ ಒಂದೇ ಗ್ರಂಥದಲ್ಲಿವೆ. ಇಷ್ಟು ವಿಷಯಗಳನ್ನು ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳಬೇಕಾದ ಸಂದರ್ಭ ಲೋಕದಲ್ಲಿ ಒಂದೇ. ಆತ ಅದನ್ನು ಮಗಳ ಮದುವೆಗೆ ಮುಂಚಿನ ತಿಂಗಳಲ್ಲಿ ಬರೆದಿರಬೇಕು ಎಂಬುದು ನನ್ನ ಊಹೆ. ವಿದ್ವಾಂಸರು ಒಪ್ಪಲಾರರು, ಅವರಲ್ಲಿ ಹೆಚ್ಚಿನವರು ಮಂಟಪದಲ್ಲಿ ಮದುವೆ ಮಾಡಿದವರು.

ಮಲೆನಾಡಿನ ಹೂದೋಟಕ್ಕೆ ಒಂದು ಹುಟ್ಟುದೋಷವಿದೆ. ಅದು ಮಳೆಗಾಲದ ತೋಟ. ಹೊರಗಿನವರು ನೋಡಿ ಬೆರಗಾಗುವ ನಮ್ಮ ಡೇರೆ ಹೂ ಅರಳುವುದು ಆಷಾಢ ಶ್ರಾವಣದ ಜಡಿಮಳೆಯಲ್ಲಿ, ಅಂದರೆ ಮದುವೆಯೂ ಇಲ್ಲದ, ನೆಂಟರೂ ಬಾರದ, ನೋಡಲು ಜಗುಲಿಯ ಮೇಲೆ ನಾವು ಮತ್ತು ನಾಯಿ ಮಾತ್ರ ಇರುವ ಕಾಲದಲ್ಲಿ. ಮೇ ತಿಂಗಳಲ್ಲಿ ಅದೇ ಡೇರೆ ಮಂಚದ ಕೆಳಗೆ ಬೂದಿ ಬೆರೆಸಿದ ಮರಳಿನಲ್ಲಿ ಗೆಡ್ಡೆಯಾಗಿ ಮಲಗಿರುತ್ತದೆ. ಅಕ್ಕನ ಬಳಿ ಇಪ್ಪತ್ತಾರು ಬಣ್ಣದ ಡೇರೆ ಇವೆ. ಬೀಗರು ಅಂಗಳಕ್ಕೆ ಬಂದಾಗ ಅವರಿಗೆ ತೋರಿಸಲು ಇದ್ದದ್ದು ಇಪ್ಪತ್ತಾರು ಬಣ್ಣದ ಆಲೂಗಡ್ಡೆಯಂಥ ವಸ್ತುಗಳು.

ಉಳಿದವುಗಳ ಸ್ಥಿತಿ. ದಾಸವಾಳದ ಮೊಗ್ಗನ್ನು ಮಂಗಗಳು ತಿಂದಿದ್ದವು. ಮಲ್ಲಿಗೆ ಚೆನ್ನಾಗಿತ್ತು, ಎರಡನೇ ಸಾರಣೆಯ ಆಲಿಕಲ್ಲಿಗೆ ಚಿಂದಿಯಾಯಿತು. ಕಾಡಿನಲ್ಲಿ ಮಾತ್ರ ಸೀತಾಳೆ ದಂಡೆ ಇಳಿಬಿದ್ದಿತ್ತು; ಹುಡುಗಿಗೆ ಜಡೆಗೆ ಅದೇ ಬೇಕೆಂದು ಹಟ, ಅದು ಇದ್ದದ್ದು ಹಲಸಿನ ಮರದ ಮೂವತ್ತಡಿ ಎತ್ತರದಲ್ಲಿ. ಆಗ ಪ್ರಾಚೀನ ಕವಿಸಮಯವನ್ನು ನೆನೆದೆವು. ತರುಣಿ ಒದ್ದರೆ ಅಶೋಕ ಅರಳುತ್ತದೆ, ಮದ್ಯ ಮುಕ್ಕಳಿಸಿ ಉಗುಳಿದರೆ ಬಕುಳ ಅರಳುತ್ತದೆ, ಅಪ್ಪಿಕೊಂಡರೆ ಗೊರಟೆ ಅರಳುತ್ತದೆ. ಮದ್ಯದ ಪ್ರಯೋಗಕ್ಕೆ ಚಿಕ್ಕಪ್ಪ ತಾವು ಸಿದ್ಧವೆಂದರೂ ಉಗುಳುವ ಭಾಗಕ್ಕೆ ಒಪ್ಪಲಿಲ್ಲ. ನಮ್ಮ ಹಿತ್ತಲಲ್ಲಿರುವುದು ಮುಳ್ಳುಗೊರಟೆಯಾದ್ದರಿಂದ ಅಪ್ಪುವ ಪ್ರಯೋಗವನ್ನು ಕೈಬಿಡಲಾಯಿತು. ಅಶೋಕವನ್ನು ಹುಡುಗಿಗೆ ವರಸೆಯಲ್ಲಿ ತಂಗಿಯರಾಗುವವರ ಪಡೆ ತಮಾಷೆಗೆ ಒದ್ದೇ ಬಿಟ್ಟಿತು. ಒಂದು ಹೂವೂ ಬರಲಿಲ್ಲ. ಆಮೇಲೆ ತಿಳಿಯಿತು, ಗೇಟಿನ ಬಳಿ ಕಂಬದಂತೆ ನೆಟ್ಟಗೆ ನಿಂತಿರುವ, ಊರೆಲ್ಲ ಅಶೋಕವೆಂದು ಕರೆಯುವ ಮರ ಅಶೋಕವೇ ಅಲ್ಲ. ನಿಜವಾದ ಸೀತಾ ಅಶೋಕ ಬೇರೆ ಜಾತಿ, ಕೆಂಪು ಕಿತ್ತಳೆ ಗೊಂಚಲಿನದು. ನಾವು ಒದ್ದದ್ದು ಹೆಸರುಗಳ್ಳನನ್ನು.

ಕೊನೆಗೆ ಉಳಿದ ದಾರಿ ಸಾಲ. ಹದಿನಾಲ್ಕು ಮನೆಗಳಿಂದ ಅರವತ್ತಮೂರು ಕುಂಡ ತಂದೆವು: ಆಂಥೂರಿಯಂ, ಕ್ರೋಟನ್, ಬಿಗೋನಿಯಾ, ಹೆಸರು ಗೊತ್ತಿಲ್ಲದ ಎಲೆಯ ಗಿಡಗಳು. ಓಮ್ನಿಯಲ್ಲಿ ಏಳು ಸುತ್ತು. ಕುಂಡ ಕೊಡುವಾಗ ಜನ ಮಗಳನ್ನು ಕೊಡುವವರಂತೆ ಮಾತಾಡುತ್ತಾರೆ. "ಇದಕ್ಕೆ ಬಿಸಿಲು ತಡೆಯಲ್ಲ", "ದಿನಾ ಒಂದೇ ತಂಬಿಗೆ ನೀರು", "ಅತ್ತಿತ್ತ ತಿರುಗಿಸಬೇಡಿ, ಅದಕ್ಕೆ ಒಂದೇ ಮುಖ". ಯಾವುದು ಯಾರದೆಂದು ತಪ್ಪಬಾರದೆಂದು ನಾನೇ ಪ್ರತಿಯೊಂದರ ತಳದಲ್ಲಿ ಮನೆಯ ಹೆಸರಿನ ಮೊದಲಕ್ಷರ ಬರೆದೆ. ಬರೆದದ್ದು ಸೀಮೆಸುಣ್ಣದಲ್ಲಿ. ಸಂಶೋಧಕನಾಗಿ ನನ್ನ ಜೀವಮಾನದ ದೊಡ್ಡ ತಪ್ಪು ಇದು, ಒಪ್ಪಿಕೊಳ್ಳುತ್ತೇನೆ.

ಚಪ್ಪರ ಪ್ರಕರಣ

ಹಿಂದೆ ಚಪ್ಪರವೆಂದರೆ ಅಡಿಕೆ ಕಂಬ, ಅಡಿಕೆ ದಬ್ಬೆ, ಮೇಲೆ ಸೋಗೆ. ಊರವರೇ ಬಂದು ಹಾಕಿ, ಊಟ ಮಾಡಿ, ಹಾಕಿದ್ದು ಸರಿಯಿಲ್ಲವೆಂದು ಒಬ್ಬರನ್ನೊಬ್ಬರು ಬೈದು ಹೋಗುತ್ತಿದ್ದರು. ತಂಪಿಗೆ ಅದಕ್ಕೆ ಸಾಟಿಯಿಲ್ಲ. ಸೋರುತ್ತಿತ್ತು, ಆದರೆ ನಿಧಾನವಾಗಿ, ಒಬ್ಬೊಬ್ಬರಿಗೆ. ಈಗ ಶಾಮಿಯಾನದವನು ಕಬ್ಬಿಣದ ಪೈಪು ನೆಟ್ಟು ತಗಡು ಹೊದಿಸುತ್ತಾನೆ. ಬಟ್ಟೆಯದು ಹಾಕಲೋ ತಗಡಿನದು ಹಾಕಲೋ ಎಂದು ಅವನು ಕೇಳಿದ. ಬಟ್ಟೆಯದಾದರೆ ಮಳೆಗೆ ಆಗದು, ತಗಡಿನದಾದರೆ ಬಿಸಿಲಿಗೆ ಆಗದು. "ನೀವು ಯಾವ್ದು ಹಾಕ್ಸಿದ್ರೂ ಇನ್ನೊಂದು ಬರ್ತದೆ ಸಾರ್" ಎಂದ. ಎರಡು ಸಾವಿರ ವರ್ಷದ ಭಾರತೀಯ ತತ್ತ್ವಚಿಂತನೆಯಲ್ಲಿ ಇದಕ್ಕಿಂತ ಅಡಕವಾದ ಸೂತ್ರವನ್ನು ನಾನು ಕಂಡಿಲ್ಲ. ತಗಡನ್ನೇ ಹಾಕಿಸಿದೆವು. ಅಂಚಿನಿಂದ ಇಳಿಯುವ ನೀರಿಗೆ ಅಡಿಕೆ ದಂಬೆ ಕೊಟ್ಟು, ಸುತ್ತ ಬಸಿಗಾಲುವೆ ತೋಡಿಸಿ, ಅದನ್ನು ತೋಟಕ್ಕೆ ತಿರುಗಿಸಿದ್ದು ಭಾವನ ಬುದ್ಧಿ. ಬೇಡದ ಮಳೆ ಬಂದರೂ ಬೇಕಾದಲ್ಲಿಗೆ ಹೋಗಲಿ ಎಂದು.

ಅಡುಗೆಯವರ ಕಡೆಗೆ ಮಾತ್ರ ಟಾರ್ಪಾಲು. ಇಲ್ಲಿ ಸ್ವಲ್ಪ ಗಣಿತ ಅನಿವಾರ್ಯ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 20 ಅಡಿ ಅಗಲ, 30 ಅಡಿ ಉದ್ದದ ಟಾರ್ಪಾಲಿನ ಮೇಲೆ 20 ಮಿಲಿಮೀಟರ್ ಬಿದ್ದರೆ 1,100 ಲೀಟರ್, ಒಂದು ಟನ್ನಿಗೂ ಮಿಗಿಲು. ಮದುವೆಗೆ ಎರಡು ದಿನವಿರುವಾಗ, ಯಾರೂ ಏನೂ ಸಾರಿಸದಿದ್ದರೂ, ಪಾತ್ರೆ ಇಳಿಸಿದ ಗುರುತಿಗೆ ಒಂದು ಮಳೆ ಬಂತು. ಟಾರ್ಪಾಲಿಗೆ ಹೊಟ್ಟೆ ಬಂತು. ಭಟ್ಟರು ಗಳು ತೆಗೆದುಕೊಂಡು ಕೆಳಗಿನಿಂದ ಆ ಹೊಟ್ಟೆಯನ್ನು ಎತ್ತಿ ನೂಕಿದರು. ನೀರು ಯಾವ ಕಡೆಗೆ ಇಳಿಯಬೇಕೆಂಬುದನ್ನು ಅವರು ಯೋಚಿಸಿರಲಿಲ್ಲ. ಆ ಕಡೆ ಸೌದೆಯ ರಾಶಿಯಿತ್ತು, ಅದರ ಪಕ್ಕದಲ್ಲಿ ಸೌದೆ ಒದ್ದೆಯಾಗಬಾರದೆಂದು ಉಪದೇಶ ಮಾಡುತ್ತ ಚಿಕ್ಕಪ್ಪ ನಿಂತಿದ್ದರು.

ತರ್ಕಶಾಸ್ತ್ರ ಓದಿದವರಿಗೆ ನೆನಪಿರಬಹುದು. ಹೊಗೆಯಿದ್ದಲ್ಲಿ ಬೆಂಕಿಯುಂಟು ಎಂಬುದು ಸರಿ, ಬೆಂಕಿಯಿದ್ದಲ್ಲಿ ಹೊಗೆಯುಂಟು ಎಂಬುದು ತಪ್ಪು. ಏಕೆಂದರೆ ಹೊಗೆ ಬರಬೇಕಾದರೆ ಹಸಿ ಕಟ್ಟಿಗೆ ಬೇಕು. ಈ ಹಸಿ ಕಟ್ಟಿಗೆಗೆ ಅಲ್ಲಿ 'ಉಪಾಧಿ' ಎಂದು ಹೆಸರು. ಮರುದಿನ ಬೆಳಿಗ್ಗೆ ಒಲೆಯ ಮುಂದೆ ಕೂತು ಕಣ್ಣುಜ್ಜುತ್ತ ಭಟ್ಟರು ಅದನ್ನು ಕರೆದ ಹೆಸರು ಬೇರೆ. ಅಚ್ಚು ಹಾಕುವಂಥದ್ದಲ್ಲ.

ಫಲಿತ

ಮದುವೆಯ ದಿನ ಬೆಳಗಿನ ಜಾವ ನಾಲ್ಕಕ್ಕೆ, ದೀಪ ಹಾಕದೆ, ಮಾತಿಲ್ಲದೆ, ಆ ಇಬ್ಬರು ಹೆಂಗಸರು ಅಂಗಳ ಸಾರಿಸಿದರು. ಯಾವಾಗ ನಿಶ್ಚಯವಾಯಿತೋ, ಯಾರು ಹೇಳಿದರೋ ನಮಗಾರಿಗೂ ಗೊತ್ತಿಲ್ಲ. ಒಬ್ಬರಿಗೊಬ್ಬರು ಮಾತಿಲ್ಲದಿದ್ದುದು ಆವತ್ತು ಅನುಕೂಲಕ್ಕೆ ಬಂತು. ಮೊಬೈಲು ಮಳೆ ಸಾಧ್ಯತೆ ಶೇ. 85 ಎಂದಿತ್ತು. "ಡಿಸ್ಟಿಂಕ್ಷನ್" ಎಂದು ಚಿಕ್ಕಪ್ಪ ಶಲ್ಯ ಹೊದ್ದುಕೊಂಡರು.

ಒಂದು ಹನಿ ಬೀಳಲಿಲ್ಲ. ಹತ್ತು ಗಂಟೆಗೆ ತಗಡು ಕಾದು, ಹನ್ನೊಂದಕ್ಕೆ ಚಪ್ಪರದೊಳಗೆ ಹಪ್ಪಳ ಇಟ್ಟರೆ ಸುಡುವ ಹಾಗಾಯಿತು. ಹನ್ನೆರಡು ಗಂಟೆ ಐದು ನಿಮಿಷಕ್ಕೆ ಮಾಂಗಲ್ಯಧಾರಣೆಯಾಗುವಾಗ ಚಪ್ಪರದ ಕೆಳಗಿದ್ದವರು ವಧೂವರರು, ಪುರೋಹಿತರು, ಹೊಗೆಗೆ ಅಳುತ್ತಿರುವರೋ ಮಗಳಿಗೆ ಅಳುತ್ತಿರುವರೋ ತಿಳಿಯದ ಹಾಗೆ ನಿಂತ ಅಕ್ಕ ಭಾವ, ಮತ್ತು ಫೋಟೋದವನು. ಉಳಿದ ನಾನೂರು ಜನ ಗೇಟಿನಾಚೆಯ ಹಲಸಿನ ಮರದ ಕೆಳಗೆ ನಿಂತು, ಅಲ್ಲಿಂದಲೇ ಅಕ್ಷತೆ ಎಸೆದರು. ಅರವತ್ತಮೂರು ಕುಂಡಗಳನ್ನು ಯಾರಾದರೂ ನೋಡಿದರೋ ಇಲ್ಲವೋ. ಬೀಗಿತ್ತಿಯೊಬ್ಬರು ನೋಡಿದ್ದನ್ನು ನಾನು ಬಲ್ಲೆ, ಅವರು ಒಂದು ಆಂಥೂರಿಯಂ ಎಲೆ ಮುರಿದು ಬೀಸಿಕೊಂಡರು. ವಧುವನ್ನು ಎತ್ತಿಕೊಂಡು ಅಂಗಳ ದಾಟಿದ ನಾನು ಜಾರಲಿಲ್ಲ. ಸೊಂಟ ಹಿಡಿದುಕೊಂಡದ್ದು ನಿಜ, ಅದು ಕುಂಡಗಳ ಏಳು ಸುತ್ತಿನ ಫಲ.

ನಾಲ್ಕು ಗಂಟೆಗೆ ದಿಬ್ಬಣ ಹೊರಟಿತು. ನಾಲ್ಕೂವರೆಗೆ ಶಾಮಿಯಾನದವನು ತಗಡು ಬಿಚ್ಚಿ ಲಾರಿಗೆ ಏರಿಸಿದ. ಕೊನೆಯ ಪೈಪು ಕೀಳುವಾಗ ಮೂಡಣದಲ್ಲಿ ಗುಡುಗಿತು. ಆಚೆಮನೆಯವರು ತೋಟದಲ್ಲಿಟ್ಟ ಮಾಪಕದಲ್ಲಿ ಆ ಸಂಜೆ 42 ಮಿಲಿಮೀಟರ್. ಭಾವ ಪಂಚೆ ಎತ್ತಿ ಕಟ್ಟಿ ಬರಿ ಅಂಗಳದಲ್ಲಿ ನೆನೆಯುತ್ತ ನಿಂತು, ಬಸಿಗಾಲುವೆಯ ನೀರು ತೋಟಕ್ಕೆ ಇಳಿಯುವುದನ್ನೇ ನೋಡಿದರು. ಒಳಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ. ಬೆಂಗಳೂರಿನಲ್ಲಿ ಮರುದಿನ ಆರತಕ್ಷತೆಗೂ ಜೋರು ಮಳೆಯಂತೆ. ಮಂಟಪದ ಒಳಗಿದ್ದವರಿಗೆ ಏನೂ ಆಗಲಿಲ್ಲ, ಬರಬೇಕಾದವರು ರಸ್ತೆಯಲ್ಲಿ ಸಿಕ್ಕಿಕೊಂಡರು. ಇದರಿಂದ ಅಕ್ಕಿ ತಿಂದವನು ಹುಡುಗನೇ ಎಂದು ನಮ್ಮ ಕಡೆಯವರು ಸಿದ್ಧಾಂತ ಮಾಡಿಕೊಂಡಿದ್ದೇವೆ.

ಆ ರಾತ್ರಿ ಖಾಲಿ ಅಂಗಳದ ಟ್ಯೂಬ್‌ಲೈಟಿಗೆ ಮಳೆಹುಳ ಮುತ್ತಿದವು. ಗೆದ್ದಲಿನ ಹುತ್ತದಿಂದ ಮೊದಲ ಮಳೆಯಾದ ಮೇಲೆ ರೆಕ್ಕೆ ಬಂದು ಹೊರಡುವ ಈ ಹುಳಗಳದ್ದೂ ಮದುವೆಯ ಹಾರಾಟವೇ. ಜೋಡಿ ಸಿಕ್ಕಿದ ಮೇಲೆ ರೆಕ್ಕೆ ಕಳಚಿ ಹಾಕಿ, ಮಣ್ಣಿನೊಳಗೆ ಹೋಗಿ ಹೊಸ ಸಂಸಾರ ಹೂಡುತ್ತವೆ. ನೆಲ ನೆನೆಯದೆ ಅವುಗಳಿಗೆ ಮುಹೂರ್ತವಿಲ್ಲ. ಬೆಳಿಗ್ಗೆ ಅಂಗಳದ ತುಂಬ ರೆಕ್ಕೆ, ಅಕ್ಷತೆ, ಸಗಣಿ ನೀರು.

ಇನ್ನು ಕುಂಡಗಳ ವಿಷಯ. ಆ ಮಳೆಗೆ ಸೀಮೆಸುಣ್ಣದ ಅಕ್ಷರಗಳೆಲ್ಲ ತೊಳೆದು ಹೋದವು. ಮರುದಿನ ಹದಿನಾಲ್ಕು ಮನೆಯವರೂ ಬಂದು ನೆನಪಿನ ಮೇಲೆ ಗುರುತು ಹಿಡಿದರು. ಎಲ್ಲರ ನೆನಪೂ ದೊಡ್ಡ ಆಂಥೂರಿಯಂಗಳ ಕಡೆಗೇ ವಾಲಿತ್ತು. ಮೂರು ಕುಂಡ ಉಳಿದಿವೆ. ಒಂದು ಎಲೆ ಉದುರಿದ ಕ್ರೋಟನ್, ಒಂದು ಬಾಯಿ ಒಡೆದ ಕುಂಡದಲ್ಲಿರುವ ಬಿಗೋನಿಯಾ, ಮತ್ತೊಂದರಲ್ಲಿ ಏನಿದೆಯೆಂದು ಹೇಳಲಾರೆ, ಈಗಷ್ಟೇ ಚಿಗುರುತ್ತಿದೆ. ಅಕ್ಕ ಡೇರೆ ಗೆಡ್ಡೆ ನೆಡಲು ಆ ಜಾಗ ಕೇಳುತ್ತಿದ್ದಾಳೆ. ವಾರಸುದಾರರು ಯಾರಾದರೂ ಇದನ್ನು ಓದಿದರೆ, ಆರಿದ್ರಾ ಮಳೆ ಹಿಡಿಯುವ ಮೊದಲು ಬಂದು ಒಯ್ಯಬೇಕಾಗಿ ವಿನಂತಿ.